ಮೈಸೂರಿನಿಂದ ಮೇಲುಕೋಟೆಗೆ ಸೈಕಲ್: ಘಾಟಿಗಿಂತ ವಾಪಸ್ ದಾರಿಗೆ ಹೆದರಿ

ಮೇಲುಕೋಟೆಗೆ ಸೈಕಲ್‌ನಲ್ಲಿ ಹೋಗಬೇಕು ಅನ್ನುವವರು ಮೊದಲು ಕೇಳುವುದು ಘಾಟಿಯ ಬಗ್ಗೆ. ಏರು ಎಷ್ಟಿದೆ, ಇಳಿದು ತಳ್ಳಬೇಕಾ, ಗೇರ್ ಸಾಕಾಗತ್ತಾ. ವಾಪಸ್ ಬರುವ ದಾರಿಯ ಬಗ್ಗೆ ಯಾರೂ ಕೇಳುವುದಿಲ್ಲ. ಆದರೆ ಈ ದಾರಿಯಲ್ಲಿ ಜನ ಸೋಲುವುದು ಅಲ್ಲೇ.

ಕಾರಣ ಸರಳ. ಮೈಸೂರು ಸಮುದ್ರ ಮಟ್ಟದಿಂದ ಸುಮಾರು 760 ಮೀಟರ್ ಎತ್ತರದಲ್ಲಿದೆ, ಶ್ರೀರಂಗಪಟ್ಟಣದ ಹತ್ತಿರ ಕಾವೇರಿ ಹರಿಯುವುದು ಸುಮಾರು 680 ಮೀಟರ್‌ನಲ್ಲಿ. ಅಂದರೆ ಬೆಳಿಗ್ಗೆ ಮನೆ ಬಿಟ್ಟವರು ಮೊದಲ 16 ಕಿಲೋಮೀಟರ್ ಹೆಚ್ಚುಕಡಿಮೆ ಇಳಿಯುತ್ತಲೇ ಇರುತ್ತಾರೆ. ತಂಪು ಗಾಳಿ, ಖಾಲಿ ರಸ್ತೆ, ಹೊಸ ಕಾಲು. ಗಂಟೆಗೆ 28, 30 ಕಿಲೋಮೀಟರ್ ವೇಗ ಬರತ್ತೆ, ನಾನು ಇಷ್ಟು ಗಟ್ಟಿ ಅಂತ ಗೊತ್ತೇ ಇರಲಿಲ್ಲ ಅನ್ನಿಸತ್ತೆ. ಮಧ್ಯಾಹ್ನ ಒಂದು ಗಂಟೆಗೆ, ಕಾಲು ಸೋತ ಮೇಲೆ, ಬಿಟ್ಟಿಯಾಗಿ ಸಿಕ್ಕ ಆ ಇಳಿಜಾರನ್ನೆಲ್ಲ ತಿರುಗಿ ಹತ್ತಬೇಕು. ಕೆಳಗೆ ಬರೆದಿರುವುದೆಲ್ಲ ಇದೊಂದನ್ನು ಮನಸ್ಸಿನಲ್ಲಿ ಇಟ್ಟುಕೊಂಡೇ.

ದಾರಿ ಹೀಗಿದೆ: ಮೈಸೂರು, ಶ್ರೀರಂಗಪಟ್ಟಣ, ಪಾಂಡವಪುರ, ಜಕ್ಕನಹಳ್ಳಿ, ಮೇಲುಕೋಟೆ. ವಾಪಸ್ ಬರುವಾಗ ಪಾಂಡವಪುರದವರೆಗೆ ಅದೇ ರಸ್ತೆ, ಅಲ್ಲಿಂದ ಕೆಆರ್‌ಎಸ್ ಮೇಲೆ ಮೈಸೂರು. ಒಟ್ಟು ಸುಮಾರು 110 ಕಿಲೋಮೀಟರ್. ಹೋಗುವಾಗ 50 ಚಿಲ್ಲರೆ, ಬರುವಾಗ 60ರ ಆಸುಪಾಸು.

ನೀವು ಇದಕ್ಕೆ ಸಿದ್ಧರಿದ್ದೀರಾ?

ಪರೀಕ್ಷೆ ಮಾಡಿಕೊಳ್ಳಲು ಮೈಸೂರಿನವರಿಗೆ ಬೇರೆಲ್ಲೂ ಹೋಗಬೇಕಿಲ್ಲ, ಚಾಮುಂಡಿ ಬೆಟ್ಟ ಇದೆ. ಊರಿನಿಂದ ಬೆಟ್ಟದ ತುದಿಗೆ ಸುಮಾರು 300 ಮೀಟರ್ ಏರು. ನಿಲ್ಲದೆ, ಏದುಸಿರು ಬಿಡದೆ, ಪಕ್ಕದವರ ಜೊತೆ ಒಂದೆರಡು ಮಾತಾಡಿಕೊಂಡು ಹತ್ತಲು ಆಗುತ್ತಾ ನೋಡಿ. ಆಗುವುದಾದರೆ ಮೇಲುಕೋಟೆಯ ಏರು ನಿಮಗೆ ತೊಂದರೆ ಕೊಡುವುದಿಲ್ಲ, ಅದು ಚಾಮುಂಡಿಯಷ್ಟು ಉದ್ದವೂ ಇಲ್ಲ. ಬೆಟ್ಟ ಹತ್ತಿದ್ದು ಒಂದು ಕಡೆ ಆಯಿತು. ಇನ್ನೊಂದು ಕಡೆ ನಾಲ್ಕೈದು ಗಂಟೆ ಸೀಟಿನ ಮೇಲೆ ಕೂತು ಅಭ್ಯಾಸ ಇರಬೇಕು. ಬೆಟ್ಟ ಹತ್ತುವವರು ಇದನ್ನು ಮರೆಯುತ್ತಾರೆ. 60, 70 ಕಿಲೋಮೀಟರ್‌ನ ಸವಾರಿ ಕೆಲವನ್ನಾದರೂ ಮಾಡಿರಿ. ಕಾಲಿಗಿಂತ ಮೊದಲು ಕುಂಡಿ, ಕುತ್ತಿಗೆ, ಅಂಗೈ ನೋಯುತ್ತವೆ.

ಯಾವಾಗ ಹೋಗಬೇಕು

ಅಕ್ಟೋಬರ್ ಕೊನೆಯಿಂದ ಫೆಬ್ರವರಿ ಮಧ್ಯದವರೆಗೆ ಒಳ್ಳೆಯ ಕಾಲ. ಮಾರ್ಚ್ ಬಂತೆಂದರೆ ಹನ್ನೊಂದು ಗಂಟೆಗೇ ಟಾರು ಕಾದು ಮುಖಕ್ಕೆ ಹೊಡೆಯುತ್ತದೆ. ಮಳೆಗಾಲದಲ್ಲಿ ಕಾವೇರಿ ನೋಡಲು ಚೆನ್ನ, ಆದರೆ ಆಗ ಗಾಳಿ ಬೀಸುವುದು ಪಶ್ಚಿಮ ಮತ್ತು ನೈಋತ್ಯದಿಂದ. ನೀವು ವಾಪಸ್ ಬರುವುದು ದಕ್ಷಿಣಕ್ಕೆ, ನೈಋತ್ಯಕ್ಕೆ. ಅಂದರೆ ಗಾಳಿ ಸೀದಾ ಎದೆಗೆ. ಬಯಲಿನ ಎದುರುಗಾಳಿ ಘಾಟಿಗಿಂತ ಕೆಟ್ಟದ್ದು, ಯಾಕೆಂದರೆ ಘಾಟಿಗೆ ಒಂದು ತುದಿ ಇರುತ್ತದೆ.

ಕೆಲವು ದಿನಗಳನ್ನು ಬಿಟ್ಟುಬಿಡಿ. ಮಾರ್ಚ್–ಏಪ್ರಿಲ್‌ನಲ್ಲಿ ಬರುವ ವೈರಮುಡಿ ಉತ್ಸವದ ಸಮಯದಲ್ಲಿ ಮೇಲುಕೋಟೆಯಲ್ಲಿ ಕಾಲಿಡಲು ಜಾಗ ಇರುವುದಿಲ್ಲ, ಸೈಕಲ್ ಎಲ್ಲಿಡುತ್ತೀರಿ? ಅಮಾವಾಸ್ಯೆ ದಿನ ನಿಮಿಷಾಂಬ ದೇವಸ್ಥಾನ ಮತ್ತು ಪಶ್ಚಿಮವಾಹಿನಿಗೆ ಬರುವವರಿಂದ ಶ್ರೀರಂಗಪಟ್ಟಣ ತುಂಬಿರುತ್ತದೆ. ಶನಿವಾರ, ಭಾನುವಾರ ಮಧ್ಯಾಹ್ನದ ಮೇಲೆ ಬೃಂದಾವನಕ್ಕೆ ಹೋಗುವ ಕಾರು, ಟೂರಿಸ್ಟ್ ಬಸ್ಸುಗಳ ಸಾಲು ಕೆಆರ್‌ಎಸ್ ರಸ್ತೆಯಲ್ಲಿ ಶುರುವಾಗುತ್ತದೆ. ರಜೆ ಸಿಗುವುದಾದರೆ ವಾರದ ದಿನ ಹೋಗಿ.

ಡಿಸೆಂಬರ್–ಜನವರಿಯಲ್ಲಿ ಹೋಗುವವರಿಗೆ ಒಂದು ಎಚ್ಚರಿಕೆ. ಅದು ಒಕ್ಕಣೆ ಕಾಲ. ರೈತರು ರಾಗಿ ತೆನೆ, ಹುರುಳಿ ಗಿಡವನ್ನು ರಸ್ತೆಯ ಮೇಲೇ ಹರಡುತ್ತಾರೆ, ಗಾಡಿಗಳು ಹರಿದು ಕಾಳು ಉದುರಲಿ ಅಂತ. ತೆಳುವಾದ ಟೈರಿಗೆ ಅದು ಜಾರುಬಂಡೆ. ಹುರುಳಿ ಬಳ್ಳಿಯಂತೂ ಹಿಂದಿನ ಗೇರಿಗೆ ಸುತ್ತಿಕೊಂಡರೆ ಚಾಕು ತೆಗೆದು ಕತ್ತರಿಸುತ್ತಾ ಕೂರಬೇಕು. ಮೊದಲೇ ಪೆಡಲ್ ನಿಲ್ಲಿಸಿ, ಬ್ರೇಕ್ ಹಿಡಿಯದೆ, ಹ್ಯಾಂಡಲ್ ತಿರುಗಿಸದೆ ನೇರ ದಾಟಿ. ತುಂಬಾ ದಪ್ಪಗೆ ಹರಡಿದ್ದರೆ ಇಳಿದು ಎತ್ತಿಕೊಂಡು ಹೋಗಿ, ಅದರಲ್ಲಿ ಅವಮಾನ ಏನೂ ಇಲ್ಲ.

ಸೈಕಲ್ ಮತ್ತು ಚೀಲ

ರೋಡ್ ಬೈಕೇ (ತೆಳು ಟೈರಿನ, ಹ್ಯಾಂಡಲ್ ಕೆಳಗೆ ಬಾಗಿದ ವೇಗದ ಸೈಕಲ್) ಬೇಕೆಂದಿಲ್ಲ, ಹೈಬ್ರಿಡ್ (ನೇರ ಹ್ಯಾಂಡಲಿನ, ಸ್ವಲ್ಪ ದಪ್ಪ ಟೈರಿನ ಸೈಕಲ್) ಸಾಕು. ರೋಡ್ ಬೈಕ್ ಇದ್ದರೆ ಟೈರು 28 ಮಿಲಿಮೀಟರ್ ಇರಲಿ, ಹಳ್ಳಿ ಹಳ್ಳಿಗೂ ಹಂಪ್ಸ್ ಇವೆ, ಎಷ್ಟೋ ಕಡೆ ಬಿಳಿ ಬಣ್ಣವೂ ಇರುವುದಿಲ್ಲ. ಗೇರಿನ ವಿಷಯದಲ್ಲಿ ಜಂಬ ಬೇಡ. ಮುಂದಿನ ಚಿಕ್ಕ ಗೇರ್ ಚಕ್ರಕ್ಕೆ 34 ಹಲ್ಲು, ಹಿಂದಿನ ದೊಡ್ಡದಕ್ಕೆ 32 ಹಲ್ಲು ಇದ್ದರೆ ಸಾಮಾನ್ಯ ಕಾಲಿನವರು ಕೂತೇ ಮೇಲುಕೋಟೆ ಹತ್ತಬಹುದು. ಬ್ರೇಕ್ ಪ್ಯಾಡ್ ಹಿಂದಿನ ದಿನವೇ ನೋಡಿ.

ಎರಡು ಟ್ಯೂಬ್, ಟೈರ್ ಲಿವರ್, ಕೈಪಂಪು, ಚೈನ್ ಕೊಂಡಿ ಬಿಚ್ಚುವ ಉಪಕರಣ, ಅಲೆನ್ ಕೀ. ನಿಮ್ಮ ಟ್ಯೂಬಿನ ವಾಲ್ವ್ ಪ್ರೆಸ್ಟಾ ಆಗಿದ್ದರೆ, ಅಂದರೆ ತುದಿಯಲ್ಲಿ ಪುಟ್ಟ ತಿರುಪಿರುವ ತೆಳು ವಾಲ್ವ್ ಆಗಿದ್ದರೆ, ಅದಕ್ಕೆ ಹಿತ್ತಾಳೆಯ ಅಡಾಪ್ಟರ್ ಒಂದನ್ನು ಮರೆಯದೆ ಇಟ್ಟುಕೊಳ್ಳಿ. ದಾರಿಯಲ್ಲಿ ಪಂಕ್ಚರ್ ಅಂಗಡಿಗಳು ಬೇಕಾದಷ್ಟಿವೆ, ಆದರೆ ಅಲ್ಲಿನ ಗಾಳಿ ಪೈಪು ಮೋಟಾರ್ ಬೈಕಿನ ವಾಲ್ವಿಗೆ ಮಾಡಿದ್ದು, ನಿಮ್ಮದಕ್ಕೆ ಹಿಡಿಯುವುದಿಲ್ಲ. ಬೆಲೆ ತೀರಾ ಕಡಿಮೆ, ಬೆರಳ ತುದಿಯಷ್ಟು ಗಾತ್ರ. ಎಷ್ಟೋ ಜನ ಅದಿಲ್ಲದೇ ದಿನ ಹಾಳು ಮಾಡಿಕೊಳ್ಳುತ್ತಾರೆ.

ಮುಂದೆ ಹಿಂದೆ ಲೈಟು, ಹೆಲ್ಮೆಟ್ಟು, 750 ಎಂಎಲ್‌ನ ಎರಡು ಬಾಟಲಿ. ಒಂದರಲ್ಲಿ ಬರೀ ನೀರು, ಇನ್ನೊಂದರಲ್ಲಿ ಓಆರ್‌ಎಸ್. ಜೇಬಿಗೆ ಏಲಕ್ಕಿ ಬಾಳೆಹಣ್ಣು, ಕಡಲೆ ಮಿಠಾಯಿ.

ಹೊರಡುವುದು: ಬೆಳಿಗ್ಗೆ ಐದೂವರೆ

ಐದೂವರೆಗೆ ಅಂದರೆ ಐದೂವರೆಗೇ. ಗುಂಪಿನಲ್ಲಿ ಹೋಗುವವರು ಒಬ್ಬರಿಗೊಬ್ಬರು ಕಾದು ಆರೂಕಾಲು ಮಾಡುತ್ತಾರೆ, ಆ ಮುಕ್ಕಾಲು ಗಂಟೆಯನ್ನು ಮಧ್ಯಾಹ್ನದ ಬಿಸಿಲಿನಲ್ಲಿ ಕೊಡಬೇಕಾಗುತ್ತದೆ.

ಬೆಂಗಳೂರು ರಸ್ತೆ ಹಿಡಿದು ರಿಂಗ್ ರೋಡ್ ದಾಟಿ. ಇಲ್ಲಿ ಒಂದು ನಿಯಮ ಗೊತ್ತಿರಲಿ. ಬೆಂಗಳೂರು–ಮೈಸೂರು ಎಕ್ಸ್‌ಪ್ರೆಸ್‌ವೇಯ ಮುಖ್ಯ ಪಥಗಳಲ್ಲಿ 2023ರ ಆಗಸ್ಟ್ 1ರಿಂದ ಬೈಕು, ಆಟೋ, ಟ್ರ್ಯಾಕ್ಟರ್‌ಗಳಿಗೆ ಪ್ರವೇಶ ಇಲ್ಲ, ಮೋಟಾರ್ ಇಲ್ಲದ ಗಾಡಿಗಳಿಗೂ ಇಲ್ಲ. ಆ ಪಟ್ಟಿಯಲ್ಲಿ ಸೈಕಲ್ಲೂ ಬಂತು. ಬೆಳಗಿನ ಜಾವ ಯಾರೂ ಇಲ್ಲ ಅಂತ ಸುಮ್ನೆ ಮೇಲೆ ಹತ್ತಬೇಡಿ. ಸರ್ವಿಸ್ ರಸ್ತೆಯಲ್ಲೇ ಹೋಗಿ. ಅಲ್ಲಿ ರಾಂಗ್ ಸೈಡಿನಲ್ಲಿ ಲೈಟಿಲ್ಲದೆ ಬರುವ ಬೈಕುಗಳದ್ದೇ ಕಾಟ, ಅದಕ್ಕೇ ನಿಮ್ಮ ಮುಂದಿನ ಲೈಟು ಬೆಳಕು ಹರಿಯುವವರೆಗೂ ಉರಿಯುತ್ತಿರಲಿ.

ಈ ಇಳಿಜಾರಿನಲ್ಲಿ ಮಾಡಬೇಕಾದದ್ದು ಒಂದೇ: ವೇಗ ಹಿಡಿಯದಿರುವುದು. ಹಗುರ ಗೇರಿನಲ್ಲಿ ಕಾಲು ಆಡಿಸುತ್ತಾ ಇರಿ. ಪಕ್ಕದಲ್ಲಿ ಯಾರಾದರೂ ಸರ್ರನೆ ದಾಟಿ ಹೋದರೆ ಹೋಗಲಿ ಬಿಡಿ, ಪಾಂಡವಪುರ ದಾಟಿದ ಮೇಲೆ ಸಿಗುತ್ತಾರೆ.

ಆರೂವರೆ ಹೊತ್ತಿಗೆ ಶ್ರೀರಂಗಪಟ್ಟಣ. ಇಲ್ಲಿ ಕಾವೇರಿ ಎರಡು ಕವಲಾಗಿ ಒಡೆದು ಊರನ್ನು ದ್ವೀಪ ಮಾಡಿದೆ, ಹಾಗಾಗಿ ನೀವು ನದಿಯನ್ನು ಎರಡು ಸಲ ದಾಟುತ್ತೀರಿ. ಬೈಪಾಸ್ ಬೇಡ, ಊರೊಳಗಿನ ಹಳೇ ರಸ್ತೆ ಹಿಡಿಯಿರಿ. ಕೋಟೆ, ರಂಗನಾಥಸ್ವಾಮಿ ದೇವಸ್ಥಾನ, 1784ರ ದರಿಯಾ ದೌಲತ್, 1804ರ ಕಲ್ಲಿನ ವೆಲ್ಲೆಸ್ಲಿ ಸೇತುವೆ, ಎಲ್ಲಾ ಇಲ್ಲೇ ಇವೆ. ನೋಡುತ್ತಾ ನಿಂತರೆ ಮೇಲುಕೋಟೆ ಮುಗಿದ ಹಾಗೆಯೇ. ಮೈಸೂರಿನವರು ತಾನೇ, ಇನ್ನೊಂದು ದಿನ ಬನ್ನಿ. ಸೇತುವೆಯ ಮೇಲೆ ಐದು ನಿಮಿಷ ನಿಂತು ಒಂದು ಬಾಳೆಹಣ್ಣು ತಿನ್ನಿ, ಹೊರಡಿ.

ಕಾಲು ಜಾಸ್ತಿ ಗಟ್ಟಿ ಇರುವವರಿಗೆ ಇಲ್ಲೊಂದು ಆಸೆ ಹುಟ್ಟುತ್ತದೆ: ಕರಿಘಟ್ಟ. ಲೋಕಪಾವನಿ ಕಾವೇರಿಗೆ ಸೇರುವ ಕಡೆ ನಿಂತಿರುವ ಬೆಟ್ಟ, ಮೇಲೆ ಶ್ರೀನಿವಾಸ ದೇವಸ್ಥಾನ, ತುದಿಯವರೆಗೆ ರಸ್ತೆ. ಏರು ಸಣ್ಣದು, ನೋಟ ದೊಡ್ಡದು, ಕವಲೊಡೆದ ನದಿ, ಗದ್ದೆ, ಕಬ್ಬು, ದೂರದಲ್ಲಿ ಚಾಮುಂಡಿ. ಆದರೂ ನನ್ನ ಮಾತು ಕೇಳುವುದಾದರೆ ಮೊದಲ ಸಲ ಇದನ್ನು ಬಿಡಿ.

ಪಾಂಡವಪುರದ ಕಡೆಗೆ

ನದಿ ದಾಟಿ ಕಿರಂಗೂರು ವೃತ್ತದಲ್ಲಿ ಎಡಕ್ಕೆ ತಿರುಗಿದರೆ ಪಾಂಡವಪುರ ರಸ್ತೆ. ಶ್ರೀರಂಗಪಟ್ಟಣದಿಂದ ಹತ್ತು ಕಿಲೋಮೀಟರ್ ಆಸುಪಾಸು. ಎಡಬಲ ಗದ್ದೆ, ಕಬ್ಬು, ತೆಂಗು. ಕಣ್ಣಿಗೆ ಮಟ್ಟಸ ಕಾಣುವ ರಸ್ತೆ ನಿಧಾನವಾಗಿ ಏರುತ್ತಿರುತ್ತದೆ, ಸೈಕಲ್ ಯಾಕೋ ಎಳೆಯುತ್ತಿಲ್ಲ ಅನ್ನಿಸಿದರೆ ಬ್ರೇಕ್ ಉಜ್ಜುತ್ತಿದೆಯಾ ಅಂತ ಒಮ್ಮೆ ನೋಡಿ, ಇಲ್ಲದಿದ್ದರೆ ಗೇರ್ ಇಳಿಸಿ, ಅಷ್ಟೇ.

ಕಬ್ಬಿನ ಟ್ರ್ಯಾಕ್ಟರ್‌ಗಳ ಬಗ್ಗೆ ಹೇಳಲೇಬೇಕು. ಕಟಾವಿನ ಕಾಲದಲ್ಲಿ ಎರಡೆರಡು ಟ್ರೈಲರ್ ಕಟ್ಟಿಕೊಂಡು, ಅಗಲಕ್ಕೂ ಮೇಲಕ್ಕೂ ಮಿತಿ ಮೀರಿ ತುಂಬಿಕೊಂಡು ಸಕ್ಕರೆ ಕಾರ್ಖಾನೆಗೆ ಹೋಗುತ್ತವೆ. ಹಿಂದೆ ಅಂಟಿಕೊಂಡು ಹೋಗಬೇಡಿ, ಗುಂಡಿಗೆ ಇಳಿದಾಗ ಜಲ್ಲೆ ಜಾರಿ ಬೀಳುತ್ತದೆ. ಓವರ್‌ಟೇಕ್ ಮಾಡುವಾಗ ಎರಡನೇ ಟ್ರೈಲರ್ ಅತ್ತಿತ್ತ ಒಲೆಯುವುದನ್ನು ಲೆಕ್ಕದಲ್ಲಿಡಿ. ಡ್ರೈವರ್‌ಗೆ ಹಾಡಿನ ಸದ್ದಿನಲ್ಲಿ ನಿಮ್ಮ ಬೆಲ್ಲು ಕೇಳುವುದಿಲ್ಲ.

ಇನ್ನೊಂದು, ನಾಲೆ. ಕೆಆರ್‌ಎಸ್‌ನಿಂದ ಹೊರಡುವ ವಿಶ್ವೇಶ್ವರಯ್ಯ ನಾಲೆ ಈ ಭಾಗದಲ್ಲಿ ಎಲ್ಲೆಲ್ಲೂ ರಸ್ತೆಗೆ ಅಡ್ಡ ಬರುತ್ತದೆ, ಪಕ್ಕಕ್ಕೂ ಬರುತ್ತದೆ. 2018ರ ನವೆಂಬರ್‌ನಲ್ಲಿ ಕನಗನಮರಡಿಯ ಹತ್ತಿರ ಬಸ್ಸು ನಾಲೆಗೆ ಉರುಳಿ 30 ಜನ ಸತ್ತರು, ಮಂಡ್ಯದವರು ಯಾರೂ ಅದನ್ನು ಮರೆತಿಲ್ಲ. ನಾಲೆ ಏರಿಯ ದಾರಿ ನೆರಳಿದೆ, ಚೆನ್ನಾಗಿದೆ ಅಂತ ಮ್ಯಾಪ್ ನೋಡಿ ಒಳದಾರಿ ಹಿಡಿಯಬೇಡಿ. ಮುಖ ತೊಳೆಯಲು ನೀರಿಗೆ ಇಳಿಯುವುದಂತೂ ಬೇಡವೇ ಬೇಡ. ಕ್ಲೀಟ್ (ಪೆಡಲಿಗೆ ಸಿಕ್ಕಿಸಲು ಅಡಿಯಲ್ಲಿರುವ ಗಟ್ಟಿ ತುಂಡು) ಇರುವ ಶೂ ಪಾಚಿ ಕಟ್ಟಿದ ಕಲ್ಲಿನ ಮೇಲೆ ನಿಲ್ಲುವುದಿಲ್ಲ, ನೀರಿನ ಸೆಳೆತ ಮೇಲಿಂದ ನೋಡಿದರೆ ಗೊತ್ತಾಗುವುದಿಲ್ಲ.

ಕುಂತಿ ಬೆಟ್ಟದ ಬಂಡೆಗಳು ಕಾಣಿಸಿದರೆ ಪಾಂಡವಪುರ ಬಂತು. ಹೈದರ್, ಟಿಪ್ಪು ಕಾಲದಲ್ಲಿ ಫ್ರೆಂಚ್ ಸೈನಿಕರು ಬೀಡುಬಿಟ್ಟಿದ್ದರಿಂದ ಬ್ರಿಟಿಷರು ಈ ಊರನ್ನು ಫ್ರೆಂಚ್ ರಾಕ್ಸ್ ಎಂದೇ ಕರೆದರು, ನಮ್ಮವರಿಗೆ ಅದು ಹಿರೋಡೆ ಆಗಿತ್ತು. ಏಳೂಕಾಲು, ಏಳೂವರೆ ಆಗಿರುತ್ತದೆ. ಇಲ್ಲೇ ತಿಂಡಿ ಮಾಡಿ. ಇಡ್ಲಿ ತಿನ್ನಿ. ಪೂರಿ, ವಡೆ ಆಮೇಲೆ ಘಾಟಿಯಲ್ಲಿ ಮಾತಾಡಲು ಶುರು ಮಾಡುತ್ತವೆ. ಬಾಟಲಿ ಎರಡೂ ತುಂಬಿಸಿ.

ಸೈಕಲ್ ಹೋಟೆಲಿನ ಮುಂದೆ ನಿಲ್ಲಿಸಿದ ಕೂಡಲೇ ಯಾರಾದರೊಬ್ಬರು ಬಂದು ಟೈರ್ ಒತ್ತಿ ನೋಡಿ, "ಎಷ್ಟಾಯ್ತಪ್ಪಾ ಸೈಕ್ಲು?" ಅಂತ ಕೇಳಿಯೇ ಕೇಳುತ್ತಾರೆ. ನಿಜ ಬೆಲೆ ಹೇಳಿದರೆ "ಆ ದುಡ್ಗೆ ಹಳೇ ಗಾಡೀನೇ ಬರ್ತಿತ್ತಲ್ಲಾ" ಅನ್ನುವ ಉತ್ತರವೂ ಖಚಿತ. ನಕ್ಕು, ದಾರಿ ಕೇಳಿ. ಆದರೆ "ಹತ್ರಾನಾ?" ಅಂತ ಕೇಳಬೇಡಿ, ಬೈಕಿನವರಿಗೆ ಎಲ್ಲವೂ ಇಲ್ಲೇ ಹತ್ರ.

ಜಕ್ಕನಹಳ್ಳಿ, ಆಮೇಲೆ ಏರು

ಪಾಂಡವಪುರದಿಂದ ನಾಗಮಂಗಲ ಕಡೆಯ ರಸ್ತೆ. ನೀರಾವರಿ ಹಸಿರು ಮೆಲ್ಲಗೆ ಕಡಿಮೆಯಾಗಿ ಹೊಲ, ಕುರುಚಲು, ಬಂಡೆ ಶುರುವಾಗುತ್ತದೆ. ನದಿಯ ಕಣಿವೆಯಿಂದ ಮೇಲೆ ಬರುತ್ತಿದ್ದೀರಿ ಅನ್ನುವುದು ಪೈರು ನೋಡಿದರೇ ತಿಳಿಯುತ್ತದೆ. ಎಡಗಡೆ ತೊಣ್ಣೂರು ಕೆರೆಗೆ ತಿರುವು ಸಿಗುತ್ತದೆ. ಬೆಟ್ಟಗಳ ನಡುವಿನ ತಿಳಿ ನೀರಿನ ಕೆರೆ, ಊರಲ್ಲಿ ನಂಬಿನಾರಾಯಣ ದೇವಸ್ಥಾನ. ಇದೂ ಒಂದು ಆಸೆಯೇ. ಹೋಗುವಾಗ ಬೇಡ.

ರಸ್ತೆ ಇಲ್ಲಿ ಅಲೆ ಅಲೆಯಾಗಿದೆ. ಪ್ರತಿ ದಿಣ್ಣೆಯನ್ನೂ ನಿಂತು ತುಳಿದು ಹತ್ತಿದರೆ ಕಾಲು ಜಕ್ಕನಹಳ್ಳಿಗೇ ಮುಗಿಯುತ್ತದೆ. ಕೂತು ಹತ್ತಿ, ಇಳಿಯುವಾಗ ಪೆಡಲ್ ಬಿಟ್ಟು ಉಸಿರು ತೆಗೆದುಕೊಳ್ಳಿ. ಬಾಯಾರಿಕೆ ಆಗುವ ಮುಂಚೆಯೇ ಕಾಲು ಗಂಟೆಗೊಮ್ಮೆ ಎರಡು ಗುಟುಕು ನೀರು.

ಜಕ್ಕನಹಳ್ಳಿ ವೃತ್ತದಲ್ಲಿ ಎಡಕ್ಕೆ. ಇಲ್ಲಿಂದ ಮೇಲುಕೋಟೆಗೆ ಆರು ಕಿಲೋಮೀಟರ್ ಇರಬಹುದು. ಏರು ಶುರುವಾಗುವ ಮುಂಚೆಯೇ ಚಿಕ್ಕ ಗೇರಿಗೆ ಬನ್ನಿ, ತಿರುವಿನ ಮಧ್ಯೆ ಭಾರ ಹಾಕಿ ತುಳಿಯುತ್ತಾ ಗೇರ್ ಬದಲಿಸಿದರೆ ಚೈನ್ ಕಳಚುತ್ತದೆ. ತಿರುವುಗಳಲ್ಲಿ ಒಳಮಗ್ಗುಲು ತುಂಬಾ ಕಡಿದು, ಸ್ವಲ್ಪ ಹೊರಗೆ ಉಳಿದರೆ ಹಗುರ. ಆದರೆ ಮೇಲಿನಿಂದ ಬಸ್ಸು ಬರುತ್ತಿರುತ್ತದೆ, ಗೆರೆ ದಾಟಬೇಡಿ. ಸುತ್ತ ಕಾಣುವ ಕುರುಚಲು ಕಾಡು ಮೇಲುಕೋಟೆ ವನ್ಯಧಾಮಕ್ಕೆ ಸೇರಿದ್ದು, 1974ರಲ್ಲಿ ತೋಳಗಳಿಗಾಗಿಯೇ ಘೋಷಿಸಿದ್ದು. ಬೆಳಗಿನ ಒಂಬತ್ತು ಗಂಟೆಗೆ ತೋಳ ಸಿಗುವುದಿಲ್ಲ, ಕೋತಿ ಸಿಗುತ್ತದೆ. ಸೀಟಿನ ಹಿಂದಿನ ಚೀಲದಲ್ಲಿ ಬಾಳೆಹಣ್ಣು ಇಟ್ಟು ಸೈಕಲ್ ಬಿಟ್ಟು ಹೋದಿರೋ, ಹಣ್ಣಿನ ಜೊತೆ ಚೀಲದ ಜಿಪ್ಪೂ ಹೋಯಿತು.

ಮೇಲುಕೋಟೆಯಲ್ಲಿ

ಒಂಬತ್ತು, ಒಂಬತ್ತೂಕಾಲಿಗೆ ಊರೊಳಗೆ ಇರುತ್ತೀರಿ. ರಾಮಾನುಜಾಚಾರ್ಯರು ಹನ್ನೆರಡು ವರ್ಷ ಇದ್ದರು ಅನ್ನುವ ಊರು. ಚೆಲುವನಾರಾಯಣಸ್ವಾಮಿ ದೇವಸ್ಥಾನ ಕೆಳಗೆ, ಯೋಗಾನರಸಿಂಹ ಬೆಟ್ಟದ ಮೇಲೆ. ಬೆಟ್ಟಕ್ಕೆ ಮೆಟ್ಟಿಲು, ಅದನ್ನು ಇವತ್ತು ಹತ್ತಬೇಡಿ ಅಂದರೆ ಸ್ವಾಮಿಗೆ ಬೇಜಾರಾಗಲ್ಲ ಅಂದುಕೊಂಡಿದ್ದೇನೆ. ತುಳಿದು ಬಂದ ಮಂಡಿಗೆ ಮೆಟ್ಟಿಲು ಇಳಿಯುವುದು ಒಳ್ಳೆಯದಲ್ಲ. ಕಲ್ಯಾಣಿಯ ಮಂಟಪದಲ್ಲಿ ನೆರಳಿದೆ. ಶೂ ಬಿಚ್ಚಿ ಕಾಲು ಚಾಚಿ ಕೂರಿ.

ಪುಳಿಯೋಗರೆ ತಿನ್ನದೆ ಬರುವುದು ಹೇಗೆ? ತಿನ್ನಿ, ಒಂದು ಪ್ಲೇಟ್. ಹುಳಿ, ಉಪ್ಪು, ಕಡಲೆಬೀಜ, ಅನ್ನ, ಬೆವರು ಸುರಿಸಿ ಬಂದವರಿಗೆ ಬೇಕಾದದ್ದೆಲ್ಲ ಅದರಲ್ಲಿದೆ. ಎರಡನೇ ಪ್ಲೇಟ್ ಮತ್ತು ಸಕ್ಕರೆ ಪೊಂಗಲನ್ನು ಪೊಟ್ಟಣ ಕಟ್ಟಿಸಿಕೊಳ್ಳಿ. ಹೊಟ್ಟೆ ತುಂಬಾ ತುಪ್ಪದ ಪೊಂಗಲ್ ತಿಂದು ಬಿಸಿಲಿಗೆ ಇಳಿದರೆ ನಿದ್ದೆ ಎಳೆಯುತ್ತದೆ. ಹತ್ತೂವರೆಗೆ ಹೊರಡಲೇಬೇಕು.

ಇಳಿಯುವ ಮುಂಚೆ ಎರಡೂ ಬ್ರೇಕ್ ಒತ್ತಿ ನೋಡಿ. ರೋಡ್ ಬೈಕ್ ಆದರೆ ಕೈಯನ್ನು ಹ್ಯಾಂಡಲಿನ ಕೆಳಗೆ ಬಾಗಿದ ಭಾಗಕ್ಕೆ ಇಳಿಸಿ, ಹಿಡಿತ ಅಲ್ಲೇ ಗಟ್ಟಿ. ಒಂದೇ ಸಮನೆ ಬ್ರೇಕ್ ಹಿಡಿದುಕೊಂಡೇ ಇಳಿದರೆ ರಿಮ್ ಕಾಯುತ್ತದೆ, ತಿರುವಿಗೆ ಮುಂಚೆ ಚೆನ್ನಾಗಿ ಹಿಡಿದು, ತಿರುವಿನೊಳಗೆ ಬಿಡಿ. ಅಂಚಿನಲ್ಲಿ ಮರಳು, ಜಲ್ಲಿ ಇರುತ್ತದೆ, ಅದರ ಮೇಲೆ ಬ್ರೇಕ್ ಬೇಡ.

ವಾಪಸ್: ನಿಜವಾದ ಸವಾರಿ

ಹನ್ನೆರಡರ ಹೊತ್ತಿಗೆ ಪಾಂಡವಪುರ. ಎಳನೀರು ಎರಡು ಕುಡಿಯಿರಿ, ತಲೆಗೆ ನೀರು ಹಾಕಿಕೊಳ್ಳಿ. ದಾರಿಯಲ್ಲಿ ಆಲೆಮನೆಯ ಹೊಗೆ ಕಂಡರೆ, "ಅಣ್ಣಾ, ಒಂಚೂರು ಬಿಸಿಬೆಲ್ಲ ಸಿಗತ್ತಾ?" ಅಂತ ಕೇಳಿ. ಬಹಳ ಮಂದಿ ಕೊಟ್ಟೇ ಕೊಡುತ್ತಾರೆ. ಯಾವ ಪ್ಯಾಕೆಟ್ಟಿನ ಎನರ್ಜಿ ಜೆಲ್ಲೂ ಅದರ ಹತ್ತಿರ ಸುಳಿಯುವುದಿಲ್ಲ.

ಇಲ್ಲಿಂದ ಕೆಆರ್‌ಎಸ್ 15 ಕಿಲೋಮೀಟರ್ ಆಸುಪಾಸು. ಅಣೆಕಟ್ಟೆಯ ಮೇಲೆ ಜನರನ್ನು ಬಿಡುವುದಿಲ್ಲ, ಕೆಳಗಿನ ಸೇತುವೆಯಲ್ಲಿ ನದಿ ದಾಟಬೇಕು. ಕಟ್ಟಲು ಶುರು ಮಾಡಿದ್ದು 1911ರಲ್ಲಿ, 130 ಅಡಿ ಎತ್ತರದ ಗೋಡೆ. ಕೆಳಗೆ ನಿಂತು ನೋಡಿದಾಗ ಎತ್ತರಕ್ಕಿಂತ ಉದ್ದವೇ ಬೆರಗು ಹುಟ್ಟಿಸುತ್ತದೆ. ಇದು ದಿನದ ಕೊನೆಯ ದೊಡ್ಡ ನಿಲುಗಡೆ. ಕಾಲು ಗಂಟೆ ನೆರಳಿನಲ್ಲಿ ಕೂತು, ಕಟ್ಟಿಸಿಕೊಂಡ ಪುಳಿಯೋಗರೆ ಮುಗಿಸಿ, ಬಾಟಲಿ ತುಂಬಿಸಿ.

ಈಗ ಉಳಿದದ್ದು 19, 20 ಕಿಲೋಮೀಟರ್. ನದಿಯ ದಂಡೆಯಿಂದ ಊರಿಗೆ ಏರು. ಎಲ್ಲೂ ಘಾಟಿ ಅನ್ನುವಂಥದ್ದಿಲ್ಲ, ಆದರೆ ಬೆಳಗೊಳ ದಾಟಿ ಮೇಟಗಳ್ಳಿ ಬರುವವರೆಗೂ ರಸ್ತೆ ಒಂದಿಷ್ಟು ಏರಿ, ಒಂದಿಷ್ಟು ಸುಮ್ಮನಿದ್ದು, ಮತ್ತೆ ಏರುತ್ತದೆ. ಬೆಳಿಗ್ಗೆ ಹೊಡೆದ ಮೂವತ್ತರ ವೇಗ ಇಲ್ಲಿ ಹನ್ನೆರಡು, ಹದಿಮೂರಾಗುತ್ತದೆ. ಮೀಟರ್ ನೋಡಬೇಡಿ. ಚಿಕ್ಕ ಗೇರ್ ಹಾಕಿ, ಮುಂದಿನ ಮರದವರೆಗೆ, ಆಮೇಲೆ ಅದರ ಮುಂದಿನದರವರೆಗೆ. ಗುಂಪಿನಲ್ಲಿದ್ದರೆ ಗಟ್ಟಿ ಇರುವವರು ಮುಂದೆ ನಿಂತು ಗಾಳಿ ತಡೆಯಲಿ, ಸೋತವರು ಹಿಂದೆ ಅಂಟಿಕೊಳ್ಳಲಿ. ಇಬ್ಬರು ಪಕ್ಕಪಕ್ಕ ಹೋಗುವ ರಸ್ತೆ ಇದಲ್ಲ, ಬೃಂದಾವನದ ಗಾಡಿಗಳು ಎದುರಿಗೆ ಬರುತ್ತಲೇ ಇರುತ್ತವೆ.

ಕಾಲು ಹಿಡಿದುಕೊಂಡರೆ ಇಳಿದು ಹತ್ತು ನಿಮಿಷ ನಡೆಯಿರಿ. ತಲೆ ಸುತ್ತು, ಚಳಿ ಬಂದ ಹಾಗೆ ನಡುಕ, ಬೆವರು ನಿಂತು ಹೋಗುವುದು, ಇವುಗಳಲ್ಲಿ ಒಂದಾದರೂ ಕಂಡರೆ ಸವಾರಿ ಅಲ್ಲಿಗೇ ಮುಗಿಸಿ. ನೆರಳಿಗೆ ಹೋಗಿ, ಮೈಗೆ ನೀರು ಹಾಕಿ, ಚೇತರಿಕೆ ಕಾಣದಿದ್ದರೆ ಸೀದಾ ಆಸ್ಪತ್ರೆಗೆ. ಪಾಂಡವಪುರದಲ್ಲೂ ಕೆಆರ್‌ಎಸ್‌ನಲ್ಲೂ ಲಗೇಜ್ ಆಟೋ ಸಿಗುತ್ತವೆ, ಸೈಕಲ್ ಹಿಂದೆ ಮಲಗಿಸಿ ನೀವು ಮುಂದೆ ಕೂತು ಬನ್ನಿ. ಬಸ್ಸಿನ ಮೇಲೆ ಹಾಕಬಹುದು ಅಂತ ನಂಬಿಕೊಂಡು ಹೋಗಬೇಡಿ, ಈಗಿನ ಎಷ್ಟೋ ಬಸ್ಸುಗಳಿಗೆ ಮೇಲೆ ಕ್ಯಾರಿಯರ್ರೇ ಇಲ್ಲ.

ಪೂರ್ತಿ ಬೇಡ ಅನ್ನುವವರಿಗೆ

ಇದೇ ದಾರಿಯಲ್ಲಿ ಮೇಲುಕೋಟೆ ಬಿಟ್ಟರೆ 60 ಕಿಲೋಮೀಟರ್‌ನ ಒಳ್ಳೆಯ ಸುತ್ತು ಆಗುತ್ತದೆ: ಮೈಸೂರು, ಶ್ರೀರಂಗಪಟ್ಟಣ, ಪಾಂಡವಪುರ, ಕೆಆರ್‌ಎಸ್, ಮೈಸೂರು. ಹತ್ತೂವರೆ, ಹನ್ನೊಂದಕ್ಕೆ ಮನೆ. ಮೊದಲು ಇದನ್ನೇ ಮಾಡಿ ನೋಡಿ ಅನ್ನುವುದು ನನ್ನ ಸಲಹೆ. ಕೊನೆಯ ಆ 19 ಕಿಲೋಮೀಟರ್ ಹೇಗಿದೆ ಅಂತ ಕಾಲಿಗೆ ಒಮ್ಮೆ ಗೊತ್ತಾಗಿಬಿಡಲಿ. ಉದ್ದದ ಸವಾರಿಗೇ ಹೊರಟಿದ್ದರೂ ಪಾಂಡವಪುರ ತಲುಪುವಾಗ ಗಂಟೆ ಎಂಟೂವರೆ ದಾಟಿದ್ದರೆ, ಪಂಕ್ಚರಿನಿಂದಲೋ, ಯಾರಿಗೋ ಕಾದಿದ್ದರಿಂದಲೋ, ತಿಂಡಿ ತಿಂದು ಎಡಕ್ಕೆ ಕೆಆರ್‌ಎಸ್ ರಸ್ತೆಯನ್ನೇ ಕೇಳಿಕೊಂಡು ಹೋಗಿ. ಮೇಲುಕೋಟೆಗೆ ಇನ್ನೊಂದು ವಾರ ಐದೂವರೆಗೆ ಸರಿಯಾಗಿ ಹೊರಟರಾಯಿತು.